ಪಟಿಯಾಲದ ಹಾರ, ನಾಭಾದ ರಾಜ

ಚಿಕ್ಕಪ್ಪ: (ಫಾರ್ವರ್ಡ್) ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ಹಾರ ನೋಡಿ! 1928ರಲ್ಲಿ ಕಾರ್ಟಿಯೆ ಕಂಪನಿ ಮಾಡಿದ್ದು. 2,930 ವಜ್ರ! ಸಿಖ್ ರಾಜರೆಲ್ಲ ಬ್ರಿಟಿಷರಿಗೆ ಸಲಾಂ ಹೊಡೆದು ಹೀಗೆ ಮೆರೆದರು.

ನಾನು: ಹಾರದ ವಿಷಯ ಸರಿ ಚಿಕ್ಕಪ್ಪ. ಆದರೆ ಎಲ್ಲರನ್ನೂ ಯಾಕೆ ಸೇರಿಸುತ್ತೀರಿ? ಅದೇ 1928ರಲ್ಲಿ ಪಕ್ಕದ ಸಿಖ್ ಸಂಸ್ಥಾನ ನಾಭಾದ ರಿಪುದಮನ್ ಸಿಂಗ್ ಅವರ ಮಹಾರಾಜ ಪದವಿ ಕಿತ್ತುಕೊಂಡರು. ವಿಚಾರಣೆಯೇ ಬೇಡದ 1818ರ ರೆಗ್ಯುಲೇಶನ್ ಹಾಕಿ ಕೊಡೈಕೆನಾಲ್‌ಗೆ ಸಾಗಿಸಿದರು.

ಚಿಕ್ಕಪ್ಪ: ಅವರು 1923ರಲ್ಲೇ ತಾವಾಗಿ ಗದ್ದಿಗೆ ಬಿಟ್ಟವರು ಅಲ್ವಾ? ಪಟಿಯಾಲದ ಜೊತೆ ಜಗಳ ಆಗಿತ್ತು. ಹೈಕೋರ್ಟ್ ಜಡ್ಜ್ ಒಬ್ಬರು ವಿಚಾರಿಸಿ ನಾಭಾದ್ದೇ ತಪ್ಪು ಅಂದರು.

ನಾನು: ಜಗಳ ಇತ್ತು, ಒಪ್ಪುತ್ತೇನೆ. ಆದರೆ ತಾವಾಗಿ ಬಿಟ್ಟವರನ್ನು ಊರು ಬಿಡಿಸಿ ಡೆಹ್ರಾಡೂನ್‌ನಲ್ಲಿ ಇಡುತ್ತಾರಾ? ಅವರಿಗಾಗಿ ಜನ ನಾಭಾ ಸಂಸ್ಥಾನದ ಜೈತೋ ಊರಿನ ಗುರುದ್ವಾರದಲ್ಲಿ ಅಖಂಡ ಪಾಠ ಇಟ್ಟರು. ಗುರು ಗ್ರಂಥ ಸಾಹಿಬ್ ಮೊದಲಿಂದ ಕೊನೆಯವರೆಗೆ ಎಡೆಬಿಡದೆ ಓದಬೇಕು. ಪೊಲೀಸರು ಒಳಗೆ ನುಗ್ಗಿ ಅದನ್ನು ನಡುವೆಯೇ ನಿಲ್ಲಿಸಿದರು. ಸಿಖ್ಖರು ಇದನ್ನು ಹೇಗೆ ಸಹಿಸುತ್ತಾರೆ? ಜಥಾಗಳ (ಸಿಖ್ ಹೋರಾಟಗಾರರ ತಂಡಗಳ) ಮೇಲೆ ಜಥಾಗಳು ಜೈತೋಗೆ ಹೊರಟವು. 1924ರ ಫೆಬ್ರವರಿ 21ರಂದು 500 ಜನರ ಜಥಾ ಮೇಲೆ ಗುಂಡು ಹಾರಿಸಿದರು.

ಅತ್ತೆ: ನೆಹರೂ ಅವರನ್ನೂ ಅಲ್ಲೇ ಹಿಡಿದಿದ್ದು ಅಲ್ವಾ?

ನಾನು: ಹೌದು ಅತ್ತೆ, 1923ರ ಸೆಪ್ಟೆಂಬರ್‌ನಲ್ಲಿ. ಕಾಂಗ್ರೆಸ್ಸಿನ ಗಿದ್ವಾನಿ, ಸಂತಾನಂ ಜೊತೆ ನೋಡಿ ಬರೋಣ ಅಂತ ಹೋಗಿದ್ದರು. ನೆಹರೂ ಬಲಗೈಗೂ ಸಂತಾನಂ ಎಡಗೈಗೂ ಸೇರಿಸಿ ಒಂದೇ ಬೇಡಿ ಹಾಕಿ, ಬೀದಿಯಲ್ಲಿ ನಡೆಸಿದರು.

ಅಣ್ಣ: 1857ರಲ್ಲಿ ನಾಭಾದವರೂ ಬ್ರಿಟಿಷರ ಪರವೇ ಇದ್ದರು. ಬಾವಲ್, ಕಾಂಟಿ ಪ್ರದೇಶಗಳು ಬಹುಮಾನವಾಗಿ ಸಿಕ್ಕಿತು. ಅದನ್ನೂ ಹೇಳು.

ನಾನು: ನಿಜ ಅಣ್ಣ. ಬಹುಮಾನ ಪಡೆದ ಆ ಮನೆಯಿಂದಲೇ ಬಂದರು ಅಂತಲೇ ರಿಪುದಮನ್ ಬಗ್ಗೆ ನನಗೆ ಗೌರವ ಜಾಸ್ತಿ. ಸುಮ್ನೆ ತಲೆಯಾಡಿಸಿಕೊಂಡು ಇದ್ದಿದ್ದರೆ ಅವರ ಗದ್ದಿಗೆಗೆ ಏನೂ ಆಗುತ್ತಿರಲಿಲ್ಲ. ಪಟ್ಟಕ್ಕೆ ಬರುವ ಮೊದಲೇ ವೈಸ್‌ರಾಯ್ ಶಾಸನ ಸಭೆಯಲ್ಲಿ ಸಿಖ್ ಮದುವೆಗೆ ಮಾನ್ಯತೆ ಕೇಳಿ ಮಸೂದೆ ಮಂಡಿಸಿದ್ದರು. ಅದೇ 1909ರ ಆನಂದ್ ಮದುವೆ ಕಾಯ್ದೆ.

ಚಿಕ್ಕಪ್ಪ: ಪಟಿಯಾಲದ ಬಗ್ಗೆ ನನ್ನ ಮಾತು ಬದಲಾಗಲ್ಲ. ಜೈತೋದಲ್ಲಿ ಕೊನೆಗೆ ಏನಾಯಿತು?

ನಾನು: 1925ರಲ್ಲಿ ಗುರುದ್ವಾರ ಕಾಯ್ದೆ ಬಂತು, ಪಾಠಕ್ಕಿದ್ದ ತಡೆ ಹೋಯಿತು. ಸಿಖ್ಖರು ಅಲ್ಲಿ 101 ಅಖಂಡ ಪಾಠ ಮುಗಿಸಿದರು. ರಾಜರು ಮಾತ್ರ ವಾಪಸ್ ಬರಲಿಲ್ಲ. 1942ರಲ್ಲಿ ಕೊಡೈಕೆನಾಲ್‌ನಲ್ಲೇ ತೀರಿಕೊಂಡರು.