‘ಟ್ರೇಸರ್’ಗೆ ಕನ್ನಡದಲ್ಲಿ ಏನನ್ನೋಣ? ‘ಅನ್ವೇಷಕ’ ಯಾಕೋ ಸರಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರಿನಂಥ ರೋಗ ಹುಡುಕಲು ಮೈಯೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನಿಗೆ ಮುಂಚೆ ಕೈಯ ರಕ್ತನಾಳಕ್ಕೆ ಚುಚ್ಚುತ್ತಾರಲ್ಲ, ಆ ಟ್ರೇಸರ್‌ಗೆ ನೀವು ಕನ್ನಡದಲ್ಲಿ ಏನು ಬರೆಯುತ್ತೀರಿ? ಹಳ್ಳಿಯ ಹೆಂಗಸೊಬ್ಬಳು ಓದಿದರೆ ಅರ್ಥವಾಗಬೇಕು, ಹೆದರಬಾರದು. ಅಂಥದ್ದು ಬೇಕು.

ಕೇಳೋದಕ್ಕೆ ಕಾರಣ ಇದೆ. ನಾನು ಮೈಸೂರಿನಲ್ಲಿ ಕರಡು ತಿದ್ದುವವನು. ರೋಗಿಗಳಿಗೆ ಕೊಡುವ ಕನ್ನಡದ ಹಾಳೆ ತಿದ್ದಿಕೊಡಿ ಅಂತ ಸ್ಕ್ಯಾನ್ ಮಾಡುವವರೇ ಈಗ ನನಗೆ ಹೇಳಿದ್ದಾರೆ. ಅದು ಶುರುವಾಗಿದ್ದು ಹೀಗೆ. ಪಾಂಡವಪುರದ ಕಡೆಯ ನಮ್ಮ ಸೋದರತ್ತೆಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಎಕ್ಸ್‌ರೇ ತೆಗೆಸಿದರೆ ಬಲಗಡೆ ಶ್ವಾಸಕೋಶದಲ್ಲಿ ಏನೋ ಗಂಟು. ಪೆಟ್ ಸ್ಕ್ಯಾನ್ ಮಾಡಿಸಿ ಅಂದರು. ಅತ್ತೆಯ ಕಿವಿಗೆ ಅದು ‘ಪೆಟ್ಟು ಸ್ಕ್ಯಾನು’. ಪೆಟ್ಟೇನೂ ಬಿದ್ದಿಲ್ವಲ್ಲ ಅಂತ ಅವಳ ವಾದ. ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆ. ಅಲ್ಲಿ ಕೊಟ್ಟ ಕನ್ನಡದ ಹಾಳೆಯಲ್ಲಿ ಹೀಗಿತ್ತು: ‘ಎದೆಯ ಗಡ್ಡೆಯ ಪತ್ತೆಗಾಗಿ ನಿಮಗೆ ವಿಕಿರಣಶೀಲ ಅನ್ವೇಷಕವನ್ನು ನೀಡಲಾಗುವುದು. ಇದರ ಅರ್ಧಾಯುಷ್ಯ 110 ನಿಮಿಷಗಳು.’

ಅತ್ತೆ ಏಳನೇ ಕ್ಲಾಸಿನವರೆಗೆ ಓದಿದವಳು. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದಳು. ಆಮೇಲೆ ನನ್ನ ಮುಖ ನೋಡಿ, “ಅರ್ಧಾಯುಷ್ಯ ಅಂದ್ರೇನ್ಲಾ ಮಗ? ಇನ್ನ ಎರಡು ಗಂಟೆನೂ ಇಲ್ವಾ ನಂಗೆ?” ಅಂದಳು.

ನಗು ಬಂತು, ನಗೋಕೆ ಆಗಲಿಲ್ಲ.

ಎರಡು ಸಾಲಿನಲ್ಲಿ ಎಷ್ಟು ಮುಳ್ಳು ನೋಡಿ. ಮೊದಲು ‘ಎದೆ’. ನಮ್ಮಲ್ಲಿ ಎದೆಹಾಲೂ ಎದೆಯದೇ, ಎದೆನೋವೂ ಎದೆಯದೇ, ಎದೆಗಾರಿಕೆಯೂ ಎದೆಯದೇ. ‘ಎದೆಯ ಗಡ್ಡೆ’ ಅಂದ ತಕ್ಷಣ ಅತ್ತೆ ಸೆರಗು ಸರಿಮಾಡಿಕೊಂಡು, “ನಂಗೆ ಅಲ್ಲೇನೂ ಇಲ್ಲ ಕಣ್ಲಾ” ಅಂತ ಸಿಟ್ಟು ಮಾಡಿಕೊಂಡಳು. ಸ್ತನದ ಗಡ್ಡೆ ಅಂತ ತಿಳಿದಿದ್ದಳು. ‘ಎದೆಗೂಡಿನ ಒಳಗೆ’ ಅಂತ ಬರೆದಿದ್ದರೆ ಮುಗಿದುಹೋಗುತ್ತಿತ್ತು.

ಆಮೇಲೆ ‘ವಿಕಿರಣ’. ಅದು ಏನು ಅಂತ ಪಕ್ಕದಲ್ಲಿ ಕೂತಿದ್ದವರು ಅತ್ತೆಗೆ ಹೇಳಿಬಿಟ್ಟರು: “ಕರೆಂಟ್ ಕೊಡ್ತಾರಲ್ಲ, ಅದು.” ನಮ್ಮ ಕಡೆ ರೇಡಿಯೇಷನ್ ಚಿಕಿತ್ಸೆಗೆ ಹಾಗೇ ಅನ್ನುತ್ತಾರೆ. ರೋಗ ಏನು ಅಂತಲೇ ಗೊತ್ತಾಗದೆ ಕರೆಂಟ್ ಯಾಕೆ ಅಂತ ಅತ್ತೆ ಎದ್ದು ನಿಂತಳು. ಅವಳ ಪ್ರಶ್ನೆ ನ್ಯಾಯವಾಗೇ ಇತ್ತು. ಹಾಗಂತ ಆ ಪದವನ್ನು ಕಿತ್ತು ಹಾಕೋ ಹಾಗೂ ಇಲ್ಲ. ಆವತ್ತು ಪುಟ್ಟ ಮಕ್ಕಳನ್ನು ಎತ್ತಿಕೊಳ್ಳಬಾರದು, ಬಸುರಿಯರ ಹತ್ತಿರ ಕೂರಬಾರದು ಅಂತಾರೆ. ಯಾಕೆ ಅಂತ ಹೇಳಲೇಬೇಕಲ್ಲ.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ಚುಚ್ಚುವ ವಸ್ತು ಹೆಚ್ಚು ಕಡಿಮೆ ಸಕ್ಕರೆಯೇ. ಗ್ಲೂಕೋಸಿನ ಒಂದು ಕಡೆ ಫ್ಲೋರಿನ್-18 ಅನ್ನೋ ವಿಕಿರಣಶೀಲ ಪರಮಾಣು ಕೂರಿಸಿರುತ್ತಾರೆ. ಹೆಸರು ಎಫ್‌ಡಿಜಿ. ಮೈಯ ಜೀವಕೋಶಗಳು ಇದನ್ನು ಸಕ್ಕರೆ ಅಂತಲೇ ಒಳಗೆ ಎಳೆದುಕೊಳ್ಳುತ್ತವೆ, ಆದರೆ ಪೂರ್ತಿ ಅರಗಿಸಿಕೊಳ್ಳಲು ಆಗುವುದಿಲ್ಲ. ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಬಗೆಯ ಕ್ಯಾನ್ಸರ್ ಗಡ್ಡೆಗಳು ಸಕ್ಕರೆಯನ್ನು ಜಾಸ್ತಿ ಎಳೆಯುತ್ತವೆ. ಹಾಗಾಗಿ ಅಲ್ಲಿ ಇದೂ ಜಾಸ್ತಿ ಸೇರುತ್ತದೆ. ಫ್ಲೋರಿನ್ನಿನಿಂದ ಹೊರಟ ಪಾಸಿಟ್ರಾನ್ (ಎಲೆಕ್ಟ್ರಾನಿಗೆ ತದ್ವಿರುದ್ಧದ ಪುಟ್ಟ ಕಣ) ಒಂದು ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಇಲ್ಲವಾಗುತ್ತವೆ. ಆಗ ಎರಡು ಗಾಮಾ ಕಿರಣ ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಬಳೆಯಾಕಾರದ ಯಂತ್ರ ಎರಡನ್ನೂ ಹಿಡಿದು, ಎಲ್ಲಿಂದ ಹೊರಟವು ಅಂತ ಲೆಕ್ಕ ಹಾಕುತ್ತದೆ.

ಅಂದರೆ ಹುಡುಕುವುದು ಯಂತ್ರ, ಚುಚ್ಚಿದ ವಸ್ತು ಅಲ್ಲ. ಅದು ಸುಮ್ನೆ ಸಕ್ಕರೆಯ ದಾರಿಯಲ್ಲಿ ಹೋಗುತ್ತದೆ ಅಷ್ಟೆ. ಅದಕ್ಕೇ ‘ಅನ್ವೇಷಕ’, ‘ಪತ್ತೆಕಾರಕ’ ಎರಡೂ ನನಗೆ ತಪ್ಪು ಅನಿಸುತ್ತವೆ. ಕಳ್ಳನನ್ನೇ ಪೊಲೀಸ್ ಅಂತ ಕರೆದ ಹಾಗೆ. ‘ಜಾಡುಗಾರ’ ಅಂತ ನಾನೇ ಒಂದು ಕಟ್ಟಿ ನೋಡಿದೆ. ಅಚ್ಚುಕೂಟದ ಹುಡುಗ ಅದನ್ನು ‘ಜಾದೂಗಾರ’ ಅಂತ ಓದಿದ. ಬಿಟ್ಟೆ.

ಆಗ ನೆನಪಾಗಿದ್ದು ನಮ್ಮಪ್ಪನ ಭತ್ತದ ಗದ್ದೆ. ಬದುವಿನಲ್ಲಿ ಏಡಿ ಬಿಲ ತೋಡಿ ನೀರು ಸೋರಿಹೋಗುತ್ತಿತ್ತು. ನಿಂತ ನೀರಿನಲ್ಲಿ ಬಿಲ ಎಲ್ಲಿದೆ ಅಂತ ಕಾಣುವುದಿಲ್ಲ. ಅಪ್ಪ ಒಂದು ಹಿಡಿ ಭತ್ತದ ಹೊಟ್ಟನ್ನು ನೀರಿನ ಮೇಲೆ ಉದುರಿಸಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಹೊಟ್ಟು ಮೆಲ್ಲಗೆ ಒಂದೇ ಕಡೆ ಸರಿದು, ಒಂದು ಮೂಲೆಯಲ್ಲಿ ಗಿರ‍್ರನೆ ಸುತ್ತಿ ನಿಲ್ಲುತ್ತಿತ್ತು. “ಅಲ್ಲೈತೆ ನೋಡ್ಲಾ” ಅಂತ ಮಣ್ಣು ಮೆತ್ತೋಕೆ ಹೊರಡುತ್ತಿದ್ದರು. ಹೊಟ್ಟು ಬಿಲವನ್ನು ಹುಡುಕಲಿಲ್ಲ. ನೀರಿನ ಜೊತೆ ಹೋಯಿತು, ಅಪ್ಪನ ಕಣ್ಣು ಹುಡುಕಿತು. (ಕ್ಯಾನ್ಸರಿಗೆ ಏಡಿಗಂತಿ ಅಂತಲೂ ಅನ್ನುತ್ತಾರೆ. ಏಡಿ ಇಲ್ಲಿ ತಾನಾಗಿ ಬಂತು, ನಾನು ಕರೆದದ್ದಲ್ಲ.)

ಜೀವಿಗಳಲ್ಲಿ ಟ್ರೇಸರ್ ಬಳಕೆ ಶುರುವಾಗಿದ್ದೂ ಗಿಡ, ನೀರಿನ ಜೊತೆಗೇ. 1923ರಲ್ಲಿ ಜಾರ್ಜ್ ಡಿ ಹೆವೆಸಿ ಅನ್ನೋ ವಿಜ್ಞಾನಿ ವಿಕಿರಣಶೀಲ ಸೀಸ ಬೆರೆಸಿದ ನೀರನ್ನು ಅವರೆ ಜಾತಿಯ ಗಿಡಗಳಿಗೆ ಕೊಟ್ಟು, ಬೇರಿನಿಂದ ಎಲೆಗೆ ಎಷ್ಟು ಹೋಯಿತು ಅಂತ ನೋಡಿದರು. ಈ ವಿಧಾನಕ್ಕೇ ಅವರಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಅಪ್ಪ ಹೇಳುತ್ತಿದ್ದ ಮಾತು, “ಗುರುತಿಗೆ ಒಸಿ ಹೊಟ್ಟು ಬಿಡು.” ಹಾಗಾದರೆ ಟ್ರೇಸರ್ ‘ಗುರುತು ವಸ್ತು’ ಆಗಬಹುದಲ್ವಾ? ಎಫ್‌ಡಿಜಿಗೆ ‘ಗುರುತು ಸಕ್ಕರೆ’. ‘ಗುರುತು ಮದ್ದು’ ಅನ್ನೋಣ ಅಂತ ಒಬ್ಬರು ಸೂಚಿಸಿದರು. ಮದ್ದು ಹಾಕೋದು ಅಂದರೆ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಅರ್ಥ. ಬೇಡ. ಇದು ರೋಗ ವಾಸಿ ಮಾಡುವ ಔಷಧವೂ ಅಲ್ಲ.

‘ಗುರುತು ಸಕ್ಕರೆ’ಯಲ್ಲೂ ಒಂದು ಭಯ ಇದೆ. ವರದಿಯಲ್ಲಿ ‘ಎಫ್‌ಡಿಜಿ ಅವಿಡ್’ ಅಂತ ಬರೆಯುತ್ತಾರೆ, ಅಂದರೆ ಆ ಜಾಗ ಅದನ್ನು ಜಾಸ್ತಿ ಎಳೆದುಕೊಂಡಿದೆ ಅಂತ. ಅದಕ್ಕೆ ಹೊಟ್ಟೆಬಾಕ ಇದ್ದ ಹಾಗೆ ‘ಸಕ್ಕರೆಬಾಕ’ ಅಂತ ತಮಾಷೆಗೆ ಅಂದೆ. ಅತ್ತೆ ಆವತ್ತಿನಿಂದ ಕಾಫಿಗೆ ಬೆಲ್ಲ ಹಾಕುವುದನ್ನೇ ಬಿಟ್ಟಳು. ಮಿದುಳೂ ಅಷ್ಟೇ ಸಕ್ಕರೆ ಎಳೆಯುತ್ತೆ, ಸ್ಕ್ಯಾನಿನಲ್ಲಿ ಅದೂ ಹೊಳೆಯುತ್ತೆ ಅಂತ ಹೇಳಿ ಒಪ್ಪಿಸೋಕೆ ಒಂದು ವಾರ ಹಿಡಿಯಿತು. ಸಕ್ಕರೆ ನಾಡು ಮಂಡ್ಯದವಳಿಗೆ ಈ ಗತಿ ತಂದ ಪದ ವಾಪಸ್ಸು. ‘ಹೀರಿಕೆ ಜಾಸ್ತಿ’ ಸಾಕು. ಜಾಸ್ತಿ ಹೀರಿ ಚಿತ್ರದಲ್ಲಿ ಹೊಳೆಯುವ ಜಾಗಕ್ಕೆ ಅನ್ನುವ ‘ಹಾಟ್ ಸ್ಪಾಟ್’ಗೆ ‘ಬಿಸಿ ಚುಕ್ಕೆ’ಯೂ ಬೇಡ. ಉಷ್ಣ ಆಗಿದೆ ಅಂತ ಎಳನೀರು ಕುಡಿಸುತ್ತಾರೆ. ‘ಹೊಳೆವ ಚುಕ್ಕೆ’ ಇರಲಿ.

‘ಗಡ್ಡೆ’ಯನ್ನೂ ಹಾಳೆಯಿಂದ ತೆಗೆದು ‘ಗಂಟು’ ಮಾಡಿದ್ದೇನೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಕ್ಷಯ ಇದ್ದರೂ ಹೊಳೆಯುತ್ತದೆ. ಅತ್ತೆಯದೂ ಹಾಗೇ ಆಯಿತು. ಚುಕ್ಕೆ ಚೆನ್ನಾಗಿ ಹೊಳೆದಿತ್ತು, ಸೂಜಿ ಹಾಕಿ ಚೂರು ತೆಗೆದು ನೋಡಿದರೆ ಟಿಬಿ. ಆರು ತಿಂಗಳು ಮಾತ್ರೆ ನುಂಗಿದಳು. ಚುಚ್ಚಿದ ಮೇಲೆ ಒಂದು ಗಂಟೆ ಮಾತಾಡದೆ, ಅಲುಗಾಡದೆ ಕೂರಬೇಕಿತ್ತಲ್ಲ (ಕೆಲಸ ಮಾಡುವ ಸ್ನಾಯುವೂ ಸಕ್ಕರೆ ಎಳೆಯುತ್ತದೆ), ಅದರ ಮುಂದೆ ಮಾತ್ರೆ ಏನೂ ಅಲ್ಲ ಅಂತಾಳೆ.

‘ಅರ್ಧಾಯುಷ್ಯ’ ಪಾಠದ ಪುಸ್ತಕದಲ್ಲಿರಲಿ. ರೋಗಿಯ ಕೈಗೆ ಕೊಡುವ ಹಾಳೆಯಲ್ಲಿ ಬೇಡವೇ ಬೇಡ. ‘ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ’ ಅಂತ ಬರೆದಿದ್ದೇನೆ. ಹನ್ನೊಂದು ಗಂಟೆ ಕಳೆದರೆ 64ರಲ್ಲಿ ಒಂದು ಪಾಲು ಉಳಿದೀತು. ಉಚ್ಚೆಯಲ್ಲಿ ಹೋಗುವುದು ಬೇರೆ. ಒಂದೇ ಪದ ಬೇಕಾದರೆ ‘ಅರೆಗಾಲ’ ಹೇಗೆ? ಮಳೆಗಾಲದ ಸಾಲಿಗೆ ಸೇರಿಬಿಡುತ್ತೇನೋ ಅಂತ ಅನುಮಾನ.

ತಿದ್ದಿದ ಹಾಳೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ನಿಮ್ಮ ಊರಿನಲ್ಲಿ ನೀರುಗಂಟಿಗಳು, ಗದ್ದೆಗೆ ನೀರು ಕಟ್ಟುವವರು ಹೀಗೆ ಗುರುತಿಗೆ ಬಿಡುವ ಹೊಟ್ಟಿಗೋ ಸೊಪ್ಪಿಗೋ ಬೇರೆ ಹೆಸರಿದ್ದರೆ ಅದಕ್ಕೆ ಮುಂಚೆ ತಿಳಿಸಿ. ‘ಗುರುತು ಸಕ್ಕರೆ’ಯನ್ನು ಒಂದು ಪದವಾಗಿ ಬರೆಯಬೇಕೋ ಎರಡಾಗಿಯೋ, ಅದನ್ನೂ ಹೇಳಿ.