ಸೆಪ್ಟೆಂಬರ್ 2026: 22 ವರ್ಷದ ಫುಟ್‌ಬಾಲ್ ಹುಡುಗ ಸೀನಿಯರ್ ತಂಡಕ್ಕೋ, ಏಷ್ಯನ್ ಗೇಮ್ಸ್‌ಗೋ?

ತೋರಣಗಲ್ಲು_ಗೋಲಿ:
ಐಚಿ-ನಗೋಯಾ ಏಷ್ಯನ್ ಗೇಮ್ಸ್ ಸೆ.19ರಿಂದ ಅ.4. ಫಿಫಾ ವಿಂಡೊ (ಕ್ಲಬ್‌ಗಳು ಆಟಗಾರರನ್ನ ದೇಶದ ತಂಡಕ್ಕೆ ಬಿಡೋ ದಿನಗಳು) ಸೆ.21ರಿಂದ ಅ.6. ಸೆಪ್ಟೆಂಬರ್, ಅಕ್ಟೋಬರ್ ವಿಂಡೊ ಎರಡೂ ಸೇರಿಸಿ 16 ದಿನ, 4 ಮ್ಯಾಚ್ ಮಾಡ್ಯಾರೆ. ಎರಡೂ ಕಡೆ ಆಡೋ ತಾಕತ್ತಿರೋ ಹುಡುಗನ್ನ ಒಂದು ದೇಶ ಎಲ್ಲಿಗೆ ಕಳಿಸ್ಬೇಕು? ಸೀನಿಯರ್ ತಂಡಾನೇ ಗೇಮ್ಸ್‌ಗೆ ಹೋದ್ರೆ ಆಗಲ್ವಾ?

ಕೌಲ್‌ಬಜಾರ್_ಬ್ಯಾಕ್:
ಆಗಲ್ಲ ಗುರು. ಗೇಮ್ಸ್‌ನಾಗ ಗಂಡಸರ ಫುಟ್‌ಬಾಲ್ 23ರ ಒಳಗಿನವರದ್ದು, ಮೇಲೆ ಮೂರೇ ಓವರ್‌ಏಜ್ (ಆ ವಯಸ್ಸು ದಾಟಿದೋರು).

ಮೊದಲು ತಾರೀಕು ನೋಡ್ರಿ, ಆಟ ಆಮೇಲೆ. ವಿಂಡೊ ಒಳಗೆ ಸೀನಿಯರ್ ತಂಡ ಕರೆದ್ರೆ ಕ್ಲಬ್ ಬಿಡ್ಲೇಬೇಕು. ಹೊರಗಾದ್ರೆ ಕೈಮುಗಿದು ಕೇಳ್ಬೇಕು. 2023ರ ಹಾಂಗ್‌ಝೌ ಗೇಮ್ಸ್ ವಿಂಡೊ ಹೊರಗಿತ್ತು, ಐಎಸ್‌ಎಲ್ (ನಮ್ಮ ದೇಶದ ಕ್ಲಬ್ ಲೀಗ್) ಸೆ.21ಕ್ಕೇ ಶುರು. ಕ್ಲಬ್‌ಗಳು ಎಳೆದಾಡಿದ್ವು. ಕೊನೇಗೆ ಕೂಡಿಸಿದ ಭಾರತ ತಂಡ ಮ್ಯಾಚ್ ಹಿಂದಿನ ದಿನ ಹೋಗಿ ಇಳೀತು. ಚೀನಾ ಮೇಲೆ ಅರ್ಧ ಹೊತ್ತಿಗೆ 1-1, ನಮ್ಮ ಗೋಲಿ ಗುರ್ಮೀತ್ ಒಂದು ಪೆನಾಲ್ಟಿ ತಡೆದಿದ್ದ ಬೇರೆ. ಮುಗಿದಾಗ 1-5. ಪ್ರಯಾಣದ ಸುಸ್ತು ಎರಡನೇ ಅರ್ಧದಾಗೇ ಕಾಲು ಹಿಡಿಯೋದು.

ಹಗರಿ_11:
ಕ್ಲಬ್‌ಗಳನ್ನ ಅಷ್ಟು ಬೈಬೇಡಿ ಅಣ್ಣ. 2023ರ ಸೆ.21ಕ್ಕೆ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್–ಬೆಂಗಳೂರು, ಐಎಸ್‌ಎಲ್‌ನ ಮೊದಲ ಮ್ಯಾಚ್. ಅತ್ತ ರಾಹುಲ್ ಕೆ.ಪಿ. ಇಲ್ಲ, ಇತ್ತ ಛೆಟ್ರಿ ಇಲ್ಲ, ಇಬ್ಬರೂ ಗೇಮ್ಸ್‌ನಾಗಿದ್ರು. ಅವತ್ತೇ ಛೆಟ್ರಿ ಪೆನಾಲ್ಟಿಯಿಂದ ಭಾರತ ಬಾಂಗ್ಲಾದೇಶನ ಸೋಲಿಸ್ತು. ಸಂಬಳ ಕೊಡೋರೂ ಲೆಕ್ಕ ಕೇಳ್ತಾರಲ್ಲ.

ಆ ಮೂರು ಓವರ್‌ಏಜ್ ಜಾಗ ಹೆಸರು ನೋಡಿ ತುಂಬಬಾರದು. ಅರ್ಜೆಂಟೀನಾ 2024ರ ಒಲಿಂಪಿಕ್ಸ್‌ಗೆ ಒಬ್ಬ ಗೋಲಿ (ರುಲ್ಲಿ), ಒಬ್ಬ ಸ್ಟಾಪರ್ ಅಂದ್ರೆ ನಡು ಡಿಫೆಂಡರ್ (ಒಟಮೆಂಡಿ), ಒಬ್ಬ ಫಾರ್ವರ್ಡ್ (ಆಲ್ವಾರೆಸ್) ಒಯ್ತು. ಬೆನ್ನುಮೂಳೆ ಅಂದ್ರೆ ಅದು. ಆದ್ರೆ ಮೂವರೂ ಅದೇ ವರ್ಷದ ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ಕಪ್) ತಂಡದಾಗಿದ್ದೋರೇ. ಜುಲೈ 14ಕ್ಕೆ ಫೈನಲ್, 24ಕ್ಕೆ ಮೊರಾಕೊ ಮೇಲೆ ಮೊದಲ ಮ್ಯಾಚ್, 1-2 ಸೋಲು.

ತೋರಣಗಲ್ಲು_ಗೋಲಿ:
ಹಂಗಾರೆ ಗೇಮ್ಸ್ ಬಹುಪಾಲು ವಿಂಡೊ ಒಳಗೇ ಬರೋ 2026ರಾಗ ಜಗಳ ಕ್ಲಬ್ ಜೊತೆ ಅಲ್ಲ, ಎರಡು ಕೋಚ್‌ಗಳ ನಡುವೆ?

ಕೌಲ್‌ಬಜಾರ್_ಬ್ಯಾಕ್:
ಬಹುಪಾಲು ಹೌದು. ನನ್ನ ಲೆಕ್ಕ ನಿಮಿಷದ್ದು. ಸೀನಿಯರ್‌ನ 4 ಮ್ಯಾಚ್‌ನಾಗ ಎರಡಕ್ಕಾದ್ರೂ ಮೊದಲ ಹನ್ನೊಂದ್ರಲ್ಲಿ ಆಡೋನು ಅಲ್ಲೇ ಇರ್ಲಿ. ಬೆಂಚ್ ಕಾಯೋನು ಜಪಾನ್‌ಗೆ ಹೋಗ್ಲಿ. ನಡುವೆ ಅತ್ತಿಂದಿತ್ತ ಓಡಾಡ್ಸೋದು ಮಾತ್ರ ಬೇಡ. ಸ್ಪೇನ್‌ನ ಪೆಡ್ರಿ 2021ರಾಗ ಯೂರೋ, ಒಲಿಂಪಿಕ್ಸ್ ಎರಡೂ ಆಡಿ ಮುಂದಿನ ಸೀಸನ್‌ನ ಬಹುಪಾಲು ತೊಡೆ ಹಿಡ್ಕೊಂಡು ಹೊರಗೆ ಕೂತ.

ಹಗರಿ_11:
ಇದರಾಗ ಗೋಲಿಗಳನ್ನೇ ಮರೀತಾರೆ. ಸೀನಿಯರ್‌ನ ಮೂರನೇ ಗೋಲಿಗೆ ಮ್ಯಾಚೇ ಸಿಗಲ್ಲ. ಅವನು 23ರ ಒಳಗಿದ್ರೆ ಗೇಮ್ಸ್‌ಗೆ ಮೊದಲ ಹೆಸರು ಅವನದ್ದೇ ಬರೀಬೇಕು, ಒಂದು ಓವರ್‌ಏಜ್ ಜಾಗನೂ ಉಳೀತದೆ.