‘ದಿ ಲಾಸ್ಟ್ ಆಫ್ ಅಸ್’ ಮೊದಲ ಸೀಸನ್ನಿನ ಕೊನೆ: ಆ ಹುಡುಗಿಯನ್ನು ಕೇಳಿದವರು ಯಾರು?

ಓಟಿ ಸಿಸ್ಟರ್, ಕಾರವಾರ

ಮೊದಲ ಸೀಸನ್ ನೋಡದವರು ಇಲ್ಲಿಂದಲೇ ವಾಪಸ್ ಹೋಗಿ. ನೋಡಿದವರು ಎರಡನೇ ಸೀಸನ್ ಸುದ್ದಿ ಎತ್ತಬೇಡಿ, ನಾನಿನ್ನೂ ಶುರು ಮಾಡಿಲ್ಲ. 2023ರಲ್ಲಿ ಬಂದದ್ದನ್ನು ಈಗ ನೋಡ್ತಿದ್ದೀಯಾ ಅಂತ ನಗುವವರು ನಗಿ. ನೈಟ್ ಡ್ಯೂಟಿಯವರಿಗೆ ಎಲ್ಲಾ ತಡವಾಗಿಯೇ ಬರೋದು.

ಕಥೆ ನೆನಪಿಗೆ: ಫಂಗಸ್ ಹಬ್ಬಿ ಲೋಕ ಮುಳುಗಿದೆ, ಸೋಂಕಿತರು ಕಚ್ಚಿದ್ರೂ ರೋಗ ಹತ್ತದ ಎಲ್ಲೀಯನ್ನು ಜೋಯಲ್ ‘ಫೈರ್‌ಫ್ಲೈ’ ಅನ್ನೋ ಬಂಡುಕೋರರ ಆಸ್ಪತ್ರೆಗೆ ಮುಟ್ಟಿಸ್ತಾನೆ, ಮದ್ದಿಗೋಸ್ಕರ ಅವಳ ಜೀವ ತೆಗೀತಾರೆ ಅಂತ ಗೊತ್ತಾದಾಗ ಡಾಕ್ಟರನ್ನು ಕೊಂದು ಅವಳನ್ನು ಎತ್ಕೊಂಡು ಹೋಗ್ತಾನೆ. ಈ ಕೊನೆಯ, ಒಂಬತ್ತನೇ ಎಪಿಸೋಡ್ ಬಗ್ಗೆ ಎಲ್ಲಿ ನೋಡಿದ್ರೂ ಒಂದೇ ಜಗಳ. ಒಬ್ಬ ಹುಡುಗಿಗೋಸ್ಕರ ಜಗತ್ತಿನ ಮದ್ದನ್ನೇ ಹಾಳು ಮಾಡಿದ ಅಂತ ಕೆಲವರು ಜೋಯಲ್‌ಗೆ ಬೈತಾರೆ, ಅಪ್ಪನ ಜಾಗದಲ್ಲಿ ನಿಂತವ ಮತ್ತೆಂತ ಮಾಡ್ತಾನೆ ಅಂತ ಉಳಿದವರು. ನನಗೆ ಸಿಟ್ಟು ಬಂದದ್ದು ಆ ಆಪರೇಷನ್ ಥಿಯೇಟರ್ ನೋಡಿ.

ನಾನು ಓಟಿಯಲ್ಲಿ ಕೆಲಸ ಮಾಡೋಳು. ಹರ್ನಿಯಾಕ್ಕೆ ಬಂದವರನ್ನೂ ಟೇಬಲ್ ಮೇಲೆ ಮಲಗಿಸಿ, ಅರಿವಳಿಕೆ ಕೊಡುವ ಮೊದಲು ಗಟ್ಟಿಯಾಗಿ ಕೇಳ್ತೇವೆ: ನಿಮ್ಮ ಹೆಸರೇನು, ಎಂತ ಆಪರೇಷನ್, ಯಾವ ಬದಿ, ಸಹಿ ಹಾಕಿದ್ದೀರಾ. ವಿಶ್ವ ಆರೋಗ್ಯ ಸಂಸ್ಥೆಯ ಆ ಪಟ್ಟಿಯನ್ನು ಗೋಡೆಗೇ ಅಂಟಿಸಿದ್ದೇವೆ. “ನಿನ್ನೆಯಿಂದ ಎಷ್ಟು ಸಲ ಕೇಳ್ತೀ ಮಗಾ” ಅಂತ ಅಜ್ಜಂದಿರು ಬೈತಾರೆ. ಬೈದ್ರೂ ಕೇಳೋದೇ. ಹದಿನೆಂಟು ತುಂಬದವರಿಗೆ ಅಪ್ಪನೋ ಅಮ್ಮನೋ ಸಹಿ ಹಾಕ್ತಾರೆ, ಆದ್ರೂ ಮಗುವಿಗೆ ತಿಳಿಯೋ ಹಾಗೆ ಹೇಳಿಯೇ ಒಳಗೆ ಕರ್ಕೊಂಡು ಹೋಗೋದು.

ಎಲ್ಲೀಗೆ ಹದಿನಾಲ್ಕು ವರ್ಷ. ಜೋಯಲ್‌ಗೆ ಎಚ್ಚರ ಆಗುವಷ್ಟರಲ್ಲಿ ಹುಡುಗಿ ಸರ್ಜರಿಗೆ ತಯಾರು. ಅವಳಿಗೆ ಏನೂ ಹೇಳಿಲ್ಲ, ಹೆದರಿಸಿಲ್ಲ ಅಂತಾಳೆ ಫೈರ್‌ಫ್ಲೈಗಳ ನಾಯಕಿ ಮಾರ್ಲೀನ್, ಏನೋ ದೊಡ್ಡ ಉಪಕಾರ ಮಾಡಿದವಳ ಹಾಗೆ! ಮೆದುಳಿನಲ್ಲಿರೋ ಕಾರ್ಡಿಸೆಪ್ಸ್ ಫಂಗಸ್ ತೆಗೆದ್ರೆ ಹುಡುಗಿ ಉಳಿಯೋದಿಲ್ಲ ಅಂತ ಗೊತ್ತಿದ್ದೂ. ರಕ್ತ ನೋಡಿದ್ರಾ? ಬೆನ್ನಿನ ನೀರು ತೆಗೆದ್ರಾ? ಒಂದು ವಾರ ಇಟ್ಕೊಂಡು ನೋಡಿದ್ರಾ? ಇವತ್ತಿನ ದೊಡ್ಡ ದೊಡ್ಡ ಲ್ಯಾಬಿನವರೇ ಫಂಗಸ್ ವಿರುದ್ಧ ಮನುಷ್ಯರಿಗೆ ಹಾಕೋ ಒಂದು ಲಸಿಕೆಯನ್ನೂ ಪೇಟೆಗೆ ತಂದಿಲ್ಲ. ಇವರು ಇಪ್ಪತ್ತು ವರ್ಷ ಪಾಳುಬಿದ್ದ ಊರಲ್ಲಿ ಕೂತು, ಇರೋ ಒಂದೇ ಮಗುವಿನ ತಲೆ ತೆರೀತಾರೆ, ಅದೂ ಬಂದ ಕೂಡಲೇ.

2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದು ಅದರ ಔಷಧಿ ಆಂಫೊಟೆರಿಸಿನ್‌ಗೆ ಜನ ಪರದಾಡಿದ್ದು ನೆನಪಿದೆಯಲ್ಲ. ಕಣ್ಣು ತೆಗೀದಿದ್ರೆ ಜೀವಕ್ಕೇ ಅಪಾಯ ಅನ್ನೋ ಹೊತ್ತಲ್ಲೂ ಮೊದಲು ಕೇಳೋದು ರೋಗಿಯನ್ನೇ. ಬೇಡ ಅಂದವರ ಕಣ್ಣಿಗೆ ಯಾರೂ ಕೈ ಹಚ್ಚೋ ಹಾಗಿಲ್ಲ.

ಇದು ನಿಮಗ್ಯಾರಿಗೂ ಚುಚ್ಚಲಿಲ್ವಾ? ಅಥವಾ ಬರೆದವರು ಬೇಕಂತಲೇ ಹೀಗಿಟ್ಟದ್ದಾ?

ಕರಿ ಇಶಾಡ, ಅಂಕೋಲಾ

ಬೇಕಂತಲೇ ಅಕ್ಕಾ. ಈ ಸೀರೀಸಿಗೆ ಮೂಲವಾದ 2013ರ ವಿಡಿಯೋ ಗೇಮ್‌ನಲ್ಲೂ ಅವಳನ್ನು ಯಾರೂ ಕೇಳೋದಿಲ್ಲ. ಅಲ್ಲಿ ಇನ್ನೂ ಕಷ್ಟ, ಕಂಟ್ರೋಲರ್ ನಮ್ಮ ಕೈಯಲ್ಲೇ ಇರ್ತದೆ. ಡಾಕ್ಟರನ್ನು ಕೊಲ್ಲದೆ ಕಥೆ ಮುಂದೆ ಹೋಗೋದಿಲ್ಲ. ನಾನು ಸುಮಾರು ಹೊತ್ತು ಸುಮ್ನೆ ನಿಂತು ನೋಡಿದ್ದೆ, ಬೇರೆ ದಾರಿ ಇಲ್ಲ. ಟಿವಿಯಲ್ಲಿ ಆ ಕೆಲಸ ಜೋಯಲ್‌ನದ್ದು, ಅದಕ್ಕೇ ಇರಬೇಕು ಗುಂಡಿನ ಸದ್ದು ಇಳಿಸಿ ಮೇಲೆ ಸಂಗೀತ ಹಾಕಿದ್ದು.

ನಿಮ್ಮ ಇಲಾಖೆಯ ಸುದ್ದಿ ಒಂದಿದೆ. ಥಿಯೇಟರಿನಲ್ಲಿದ್ದ ನರ್ಸ್‌ಗಳಲ್ಲಿ ಒಬ್ಬರು ಲಾರಾ ಬೇಲಿ. ಎರಡನೇ ಗೇಮ್‌ನಲ್ಲಿ ಅವರು ಯಾರಿಗೆ ದನಿ ಕೊಟ್ಟಿದ್ದಾರೆ ಅಂತ ನಾಲಿಗೆ ತುದಿಯಲ್ಲಿದೆ, ನುಂಗಿಕೊಂಡೆ.

ಶರಾವತಿ ದಡದವ, ಹೊನ್ನಾವರ

ನಿಮಗೆಲ್ಲ ನೀತಿಯ ಪ್ರಶ್ನೆ. ನನಗೆ ಬಂದದ್ದು ಹೊಟ್ಟೆಕಿಚ್ಚು. ಲೋಕ ಮುಳುಗಿ ಇಪ್ಪತ್ತು ವರ್ಷ ಆದ್ಮೇಲೂ ಅಲ್ಲಿ ತಲೆ ಆಪರೇಷನ್ ಮಾಡೋ ಡಾಕ್ಟರ್ ಇದ್ದಾನೆ, ಕರೆಂಟ್ ಇದೆ, ಥಿಯೇಟರ್ ಇದೆ. ನಮ್ಮಲ್ಲಿ ಹೈವೇಯಲ್ಲಿ ಬಿದ್ದು ತಲೆಗೆ ಪೆಟ್ಟಾದ್ರೆ ಮಂಗಳೂರಾ, ಮಣಿಪಾಲವಾ, ಹುಬ್ಬಳ್ಳಿಯಾ, ಗೋವಾವಾ ಅಂತ ಆಂಬ್ಯುಲೆನ್ಸ್ ಬಾಗಿಲಲ್ಲೇ ಮೀಟಿಂಗ್. 2022ರಲ್ಲಿ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಎಲ್ಲರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ನಾನೂ ಹಾಕಿದ್ದೆ.

ಎಪಿಸೋಡ್ ಮುಕ್ಕಾಲು ಗಂಟೆಯೂ ಇಲ್ಲ, ಅದೊಂದು ಬೇಜಾರು. ಆಸ್ಪತ್ರೆ ಭಾಗ ಓಡಿಸಿಬಿಟ್ರು.

ತೋಟದಮನೆ, ಶಿರಸಿ

ಲಸಿಕೆ ಸಿಕ್ತು ಅಂತಲೇ ಇಟ್ಕೊಳ್ಳಿ ಮಾರಾಯ್ರೆ. ಹಂಚೋರು ಯಾರು? ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಗೊತ್ತಿದ್ದು ನೂರು ವರ್ಷದ ಮೇಲಾಯ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮುಗೀತು. ಎರಡೂ ಅಂಗಡಿಯಲ್ಲಿ ಸಿಗ್ತದೆ. ಮರ ಹತ್ತೋ ಕೊನೆಗೌಡ ಸಿಗ್ಬೇಕಲ್ಲ! ಅವ ಬರೋದ್ರೊಳಗೆ ಮಳೆ ಹಿಡೀತದೆ, ಅಡಿಕೆ ಉದುರ್ತದೆ.

ಮಂಗನ ಕಾಯಿಲೆಯನ್ನೇ ನೋಡಿ. ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು 1957ರಲ್ಲಿ. ಲಸಿಕೆ ಕೊಡ್ತಿದ್ದಾಗ ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು. ಮನೆ ಬಾಗಿಲಿಗೆ ಬಂದು ಹಾಕ್ತೇವೆ ಅಂದ್ರೂ ತಪ್ಪಿಸಿಕೊಳ್ಳೋರು ತಪ್ಪಿಸಿಕೊಂಡ್ರು. ಇನ್ನು ಆ ಫೈರ್‌ಫ್ಲೈ ಮಂದಿ, ಸಾಲ್ಟ್ ಲೇಕ್ ಸಿಟಿಗೆ ಬಂದು ಮುಟ್ಟೋದಕ್ಕೇ ಒದ್ದಾಡಿದವರು, ಅಮೆರಿಕ ಪೂರ್ತಿ ಸೂಜಿ ಚುಚ್ತಾರಾ? ಜೋಯಲ್ ಜಗತ್ತನ್ನು ಕೊಂದ ಅನ್ನೋದು ಅತಿ ಆಯ್ತು.

ಕನ್ನಡ ಟೀಚರ್, ಕುಮಟಾ

ಸಿಸ್ಟರ್, ನಿಮ್ಮ ಮಾತು ಅರ್ಧ ಒಪ್ತೇನೆ. ಆದರೆ ಕೇಳಿದ್ದರೂ ಅವಳು ಹೂಂ ಅಂತಿದ್ದಳು. ಜಿರಾಫೆ ನೋಡಿದ ಮೇಲೆ ವಾಪಸ್ ಹೋಗೋಣ ಅಂತ ಜೋಯಲ್ ಹೇಳಿದಾಗ ಒಪ್ಪಿದಳಾ? ಇಷ್ಟು ದೂರ ಬಂದದ್ದು ವ್ಯರ್ಥ ಆಗಬಾರದು ಅಂದಳು. ಅದು ಗೊತ್ತಿದ್ದೇ ಅವನು ಆಮೇಲೆ ಕಾರಿನಲ್ಲಿ ಅವಳಿಗೆ ಸುಳ್ಳು ಹೇಳಿದ್ದು. ಎಪಿಸೋಡ್ ಶುರುವಾಗೋದೂ ಸುಳ್ಳಿನಿಂದ. ಎಲ್ಲೀಯ ಹೆತ್ತ ತಾಯಿ ಆನಾ, ಕಚ್ಚಿಸಿಕೊಳ್ಳುವ ಮೊದಲೇ ಹೊಕ್ಕುಳಬಳ್ಳಿ ಕತ್ತರಿಸಿದೆ ಅಂತ ಮಾರ್ಲೀನ್ ಹತ್ತಿರ ಹೇಳ್ತಾಳೆ. ಆ ಸುಳ್ಳಿನಿಂದ ಕೂಸು ಉಳೀತು. ಆನಾ ಹೇಳಿದ್ದನ್ನು ಕ್ಷಮಿಸಿದ ನಾನು ಜೋಯಲ್ ಹೇಳಿದ್ದನ್ನು ಕ್ಷಮಿಸಲಾರೆ. ಯಾಕೆ ಅಂತ ಮಾತ್ರ ಕೇಳಬೇಡಿ.

ಓಟಿ ಸಿಸ್ಟರ್, ಕಾರವಾರ

ಟೀಚರ್, ಹೂಂ ಅಂತಿದ್ಲು ಅಂತ ನನಗೂ ಅನ್ನಿಸ್ತದೆ. ಹೂಂ ಅನ್ನೋಳನ್ನು ಕೇಳೋಕೆ ಮಾರ್ಲೀನ್‌ಗೆ ಎಂತ ಹೆದರಿಕೆ? ಊಹೂಂ ಅಂದುಬಿಟ್ರೆ ಅಂತ ತಾನೇ?

ಕಾರಿನ ಸೀನು ಮತ್ತೆ ನೋಡಿ. ಅವಳು ಇನ್ನೂ ಆಸ್ಪತ್ರೆ ಗೌನಿನಲ್ಲೇ ಇದ್ದಾಳೆ, ಆಗಲೇ ಅವನು ಕಥೆ ಹೇಳಿ ಮುಗಿಸ್ತಾನೆ: ನಿನ್ನ ಹಾಗೆ ಬಹಳ ಜನ ಇದ್ದಾರಂತೆ, ಏನೂ ಪ್ರಯೋಜನ ಆಗಲಿಲ್ಲವಂತೆ. ಅರಿವಳಿಕೆಯಿಂದ ಏಳುವವರಿಗೆ ಹೇಳಿದ ಮಾತು ನಿಲ್ಲೋದಿಲ್ಲ, ಎಷ್ಟು ಸಲ ಹೇಳಿದ್ರೂ ಅದನ್ನೇ ಕೇಳ್ತಾರೆ. ಎಲ್ಲೀಗೆ ನಿಂತಿದೆ. ಅದಕ್ಕೇ ಕೊನೆಗೆ ಆಣೆ ಮಾಡು ಅಂತಾಳೆ, ಅವ ಮಾಡ್ತಾನೆ, ಅವಳು ‘ಓಕೆ’ ಅಂತಾಳೆ. ಆ ಓಕೆಯನ್ನು ನಾನು ವಾರ್ಡಿನಲ್ಲಿ ಕೇಳಿದ್ದೇನೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಮನೆಯವರು ಹೇಳಿದಾಗ, ನಂಬದ ರೋಗಿ ಹೀಗೇ ಅನ್ನೋದು. ಎಲ್ಲೀ ಪಾತ್ರ ಮಾಡಿದ ಬೆಲ್ಲಾ ರಾಮ್ಸೆ ಅದನ್ನು ಎಲ್ಲಿ ಕಲಿತರೋ!

ತೋಟದವರೇ, ಕೊನೆಗೌಡನ ಮಾತು ಸರಿ. ಕರಿ ಇಶಾಡ, ನುಂಗಿದ್ದು ಹೊಟ್ಟೆಯಲ್ಲೇ ಇರಲಿ. ನಾಳೆ ಆಫ್, ಎರಡನೇ ಸೀಸನ್ ಹಚ್ತೇನೆ.

ಕರಿ ಇಶಾಡ, ಅಂಕೋಲಾ

ಹಚ್ಚಿ ಅಕ್ಕಾ. ಎರಡನೇ ಎಪಿಸೋಡ್ ಮಾತ್ರ ಡ್ಯೂಟಿಗೆ ಹೊರಡೋ ಮೊದಲು ನೋಡಬೇಡಿ.